ಸರಿ ಮಾಡೋಕೆ ಎಷ್ಟು ಪದ

ಚಪ್ಪಲಿ ಅಂಗಡಿಯ ಮೇಲಿನ ಉದ್ದ ಕೋಣೆಯಲ್ಲಿ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಹೆಗಲಿಗೆ ಟೂಲ್ ಬ್ಯಾಗ್ ಹಾಕಿಕೊಂಡ ಗಂಡಸೊಬ್ಬ ಬಾಗಿಲಲ್ಲಿ ಬಂದು ನಿಂತ. ಟೀಚರ್ ಪುಸ್ತಕದಿಂದ ತಲೆ ಎತ್ತದೆ, "ಅಂತೂ ಬಂದ್ರಲ್ಲ! ಮೂರು ದಿನದಿಂದ ಫೋನ್ ಮಾಡಿ ಮಾಡಿ ಸಾಕಾಯ್ತು. ಆ ಮೂಲೆ ಫ್ಯಾನು ನೋಡಿ," ಎಂದಳು.

ಅವನು ಒಮ್ಮೆ ಅವಳನ್ನು ನೋಡಿದ, ಒಮ್ಮೆ ಫ್ಯಾನನ್ನು ನೋಡಿದ. ಬೆಂಚು ಎಳೆದು ಹತ್ತಿದ. ಕ್ಲಾಸಿನ ಹುಡುಗಿಯರೆಲ್ಲ ಬಂದು ಕೂರುವಷ್ಟರಲ್ಲಿ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಕೈ ಒರೆಸಿಕೊಂಡು ಇಳಿದವನು ಹೊರಡಲಿಲ್ಲ, ಅದೇ ಬೆಂಚಿನ ಮೇಲೆ ಕೂತ.

"ಇನ್ನೇನಾದ್ರೂ ಇದೆಯಾ?" ಎಂದಳು ಟೀಚರ್.

"ಇಂಗ್ಲಿಷು," ಎಂದ ಅವನು, ಬ್ಯಾಗಿನಿಂದ ಹೊಸ ನೋಟ್‌ಬುಕ್ ತೆಗೆಯುತ್ತಾ. "ನಾನು ಕಲಿಯೋಕೆ ಬಂದವನು ಟೀಚರ್."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳ ಕಿವಿ ಕೆಂಪಾಯಿತು. ಅದನ್ನು ಕಂಡೂ ಕಾಣದವನಂತೆ ಅವನು ಪೆನ್ನಿನ ಮುಚ್ಚಳ ಬಿಚ್ಚುವುದರಲ್ಲಿ ಮುಳುಗಿದ. ಆ ಸೌಜನ್ಯ ಅವಳಿಗೆ ಮನೆಗೆ ಹೋದ ಮೇಲೂ ನೆನಪಿತ್ತು.

ಅವನು ಲಿಫ್ಟ್ ಮೆಕ್ಯಾನಿಕ್. ಹನ್ನೊಂದು ವರ್ಷದ ಅನುಭವ, ಕೈ ಇಟ್ಟರೆ ಯಾವ ಮೋಟಾರೂ ಮಾತು ಕೇಳುತ್ತಿತ್ತು. ಆದರೆ ಕಂಪನಿಯ ಸರ್ವಿಸ್ ಫಾರಂ ಪೂರ್ತಿ ಇಂಗ್ಲಿಷಿನಲ್ಲಿ. ಏನಿದೆಯೋ ಗೊತ್ತಿಲ್ಲದೆ, ಸೂಪರ್‌ವೈಸರ್ ಬೆರಳಿಟ್ಟ ಕಡೆ ಸಹಿ ಹಾಕುವುದು ಅವನಿಗೆ ಸಾಕಾಗಿತ್ತು.

ಒಂದು ದಿನ ಕ್ಲಾಸು ಮುಗಿದ ಮೇಲೆ ನೋಟ್‌ಬುಕ್ ಹಿಡಿದು ಅವಳ ಮೇಜಿನ ಬಳಿ ಬಂದ.

"ಟೀಚರ್, ನಮ್ಮಲ್ಲಿ ಸರಿ ಮಾಡೋದು ಅಂದ್ರೆ ಸರಿ ಮಾಡೋದು. ಈ ಇಂಗ್ಲಿಷಿನವರಿಗೆ ಯಾಕೆ ಅದಕ್ಕೆ ಇಷ್ಟೊಂದು ಪದ?"

"ಒಂದೊಂದು ಕೆಟ್ಟಿರೋದೂ ಒಂದೊಂದು ಥರ ಅಲ್ವಾ? ಮೋಟಾರು ಕೆಟ್ರೆ ರಿಪೇರ್. ಬಟ್ಟೆ ಹರಿದ್ರೆ ಮೆಂಡ್. ಸಮಸ್ಯೆ ಬಂದ್ರೆ ಸಾಲ್ವ್. ಬರೆದದ್ದು ತಪ್ಪಾದ್ರೆ ಕರೆಕ್ಟ್. ನಿಮ್ಮ ಫಾರಂನಲ್ಲಿ ಇರೋದು ರೆಕ್ಟಿಫೈ, ಅದು ಆಫೀಸಿನವರ ಪದ."

"ಜಗಳ ಆದ್ರೆ?"

"ಪ್ಯಾಚ್ ಅಪ್."

"ಜಗಳಾನೇ ಆಡದೇ ಇರೋರು ಏನು ಮಾಡ್ಬೇಕು?"

ಅವಳು ನಗು ತಡೆದುಕೊಂಡು ಡಸ್ಟರ್ ಎತ್ತಿಕೊಂಡಳು. "ಹೋಮ್‌ವರ್ಕ್ ಮಾಡ್ಬೇಕು."

ಅವನು ಬಾಗಿಲವರೆಗೆ ಹೋಗಿ ತಿರುಗಿ ನೋಡಿದ. ಅವಳು ಆಗಲೇ ಒರೆಸಿಯಾಗಿದ್ದ ಬೋರ್ಡನ್ನು ಮತ್ತೆ ಒರೆಸುತ್ತಿದ್ದಳು.

ಮೂವತ್ತಾರರ ಅವಳಿಗೆ ಅಣ್ಣ ಅತ್ತಿಗೆಯ ಮನೆಯೇ ಮನೆ. "ಇತ್ತೀಚೆಗೆ ಕನ್ನಡಿ ಮುಂದೆ ಕ್ಲಾಸ್ ಜಾಸ್ತಿ ಆಯ್ತು," ಎಂದು ಅತ್ತಿಗೆ ಕಾಲೆಳೆದರೆ ಮೊದಲಿನಂತೆ ಸಿಡುಕುತ್ತಿರಲಿಲ್ಲ. ವಾರಕ್ಕೆ ಮೂರು ಸಂಜೆ ಅವನು ಅವಳ ಜೊತೆ ಬಸ್ ಸ್ಟಾಪಿನವರೆಗೆ ನಡೆಯುತ್ತಿದ್ದ. ಬಸ್ಸು ಬೇಗ ಬಂದರೆ ಇಬ್ಬರಿಗೂ ಬೇಸರ. ಬಾಯಿಬಿಟ್ಟು ಯಾರೂ ಏನೂ ಹೇಳಿರಲಿಲ್ಲ.

ಆರನೇ ತಿಂಗಳಲ್ಲಿ ಅವನು ಬಿಳಿಚಿಕೊಂಡ ಮುಖ ಹೊತ್ತು ಕ್ಲಾಸಿಗಿಂತ ಮುಂಚೆಯೇ ಬಂದ. ಅವನು ನೋಡಿಕೊಳ್ಳುತ್ತಿದ್ದ ಲಿಫ್ಟೊಂದು ಮಹಡಿಗೆ ಸರಿಯಾಗಿ ನಿಲ್ಲದೆ ಜಾರಿ, ಹೊರಗೆ ಕಾಲಿಡುತ್ತಿದ್ದ ಕಾವಲುಗಾರನ ಕಾಲು ಮುರಿದಿತ್ತು.

"ಬ್ರೇಕ್ ಸವೆದಿದೆ, ಬದಲಾಯಿಸ್ಬೇಕು ಅಂತ ಸೂಪರ್‌ವೈಸರಿಗೆ ಮೂರು ಸಲ ಹೇಳಿದ್ದೆ. ನಾಳೆ ನೋಡೋಣ ಅಂದ್ರು. ಈಗ ನನ್ನಿಂದ ಲಿಖಿತ ಉತ್ತರ ಕೇಳಿದಾರೆ. ಇದನ್ನೇ ಇಂಗ್ಲಿಷಲ್ಲಿ ಬರೆದುಕೊಡಿ ಟೀಚರ್. ಮೂರು ಸಲ ಹೇಳಿದ್ದೆ, ಹೊಸ ಬ್ರೇಕ್ ಕೊಡಲಿಲ್ಲ. ಅಷ್ಟೇ ಸಾಕು."

"ಅಷ್ಟು ಒರಟಾಗಿ ಬರೆದ್ರೆ ಉದ್ಧಟತನ ಅನ್ಕೋತಾರೆ. ಮೊದಲು ನಯವಾಗಿ ಶುರು ಮಾಡ್ಬೇಕು. ನಾನು ಬರೀತೀನಿ, ನೀವು ಸುಮ್ನಿರಿ."

ಅವಳು ಬರೆದಳು. ಕಾಲೇಜಿನಲ್ಲಿ ಬಹುಮಾನ ತಂದುಕೊಟ್ಟ ಇಂಗ್ಲಿಷ್ ಅದು. ಮೊದಲ ಪ್ಯಾರಾದಲ್ಲಿ, ಆದ ಲೋಪಕ್ಕೆ ತುಂಬು ಮನಸ್ಸಿನ ವಿಷಾದ. ಅದನ್ನು ಸರಿಪಡಿಸಲು, ನೊಂದವರಿಗೆ ಅಮೆಂಡ್ಸ್ ಮಾಡಲು ತಾನು ಸದಾ ಸಿದ್ಧ ಎಂಬ ಮಾತು. ಮೂರು ಸಲ ಹೇಳಿದ ಸಂಗತಿ ಎರಡನೇ ಪ್ಯಾರಾದಲ್ಲಿ ಬಂತು, ಅದೂ ಯಾರಿಗೂ ನೋವಾಗದ ಹಾಗೆ.

"ಅಮೆಂಡ್ಸ್ ಅಂದ್ರೆ?" ಎಂದು ಕೇಳಿದ.

"ನಮ್ಮಿಂದ ನೋವಾದವರಿಗೆ ನಾವು ತಿರುಗಿ ಒಳ್ಳೇದು ಮಾಡೋದು."

"ನನ್ನಿಂದ ಆಗಿಲ್ವಲ್ಲ ಟೀಚರ್."

"ಅದು ಬರೆಯೋ ರೀತಿ ಅಷ್ಟೇ ಕಣ್ರೀ. ನನ್ನ ಮೇಲೆ ನಂಬಿಕೆ ಇಲ್ವಾ?"

ಅವನು ಅವಳ ಮುಖ ನೋಡುತ್ತಲೇ ಸಹಿ ಹಾಕಿದ.

ವಿಚಾರಣೆಯಲ್ಲಿ ಮೊದಲ ಪ್ಯಾರಾವನ್ನು ಗಟ್ಟಿಯಾಗಿ ಓದಿದರು. ತಪ್ಪೊಪ್ಪಿಗೆ ಕೈಯಲ್ಲಿರುವಾಗ ಎರಡನೆಯದು ಯಾರಿಗೆ ಬೇಕಿತ್ತು? ನೆಪ ಹೇಳುತ್ತಿದ್ದಾನೆ ಎಂದರು ಸೂಪರ್‌ವೈಸರ್. ಅವನ ಕೆಲಸ ಹೋಯಿತು, ಲಿಫ್ಟ್ ರಿಪೇರಿಯ ಲೈಸೆನ್ಸೂ ಹೋಯಿತು.

ಸುದ್ದಿ ಕೇಳಿದ ಮರುದಿನವೇ ಅವಳು ಕಂಪನಿಯ ಆಫೀಸಿಗೆ ಹೋದಳು. ಎರಡು ಗಂಟೆ ಕಾಯಿಸಿ ಒಳಗೆ ಕರೆದರು. "ಆ ಮಾತುಗಳು ಅವರದ್ದಲ್ಲ, ನನ್ನವು," ಎಂದಳು. ಮೇಜಿನ ಆಚೆ ಕೂತ ಅಧಿಕಾರಿಗೆ ಅವಳ ಇಂಗ್ಲಿಷ್ ಮೆಚ್ಚುಗೆಯಾಯಿತು. "ತುಂಬಾ ಚೆನ್ನಾಗಿ ಬರ್ದಿದೀರಿ ಮೇಡಂ. ಆದ್ರೆ ಸಹಿ ಅವರದ್ದೇ ಅಲ್ವಾ?" ಎಂದು ಫೈಲು ಮುಚ್ಚಿದರು. ಮತ್ತೆರಡು ಸಲ ಹೋದಾಗ ಗೇಟಿನಲ್ಲೇ ತಡೆದರು.

ಅವನು ಕ್ಲಾಸಿಗೆ ಬರಲಿಲ್ಲ, ಫೋನೂ ಎತ್ತಲಿಲ್ಲ. ವಿಳಾಸ ಹುಡುಕಿಕೊಂಡು ಒಂದು ಭಾನುವಾರ ಬೆಳಿಗ್ಗೆ ಅವಳೇ ಅವನ ಮನೆಗೆ ಹೋದಳು. ಬಾಗಿಲು ತೆರೆದ ಅವನ ಅಕ್ಕ, "ಓ, ಪತ್ರ ಬರೆದವರು," ಎಂದಷ್ಟೇ ಹೇಳಿ ಒಳಗೆ ಹೋದರು. ಅವನು ಹೊರಗೆ ಬಂದ. ಕೆನ್ನೆ ಒಳಗೆ ಹೋಗಿತ್ತು. ಜಗಲಿಯ ಮೇಲೆ ಹಗ್ಗ ಬಿಗಿದು ಕಟ್ಟಿದ ಪೆಟ್ಟಿಗೆ ಇತ್ತು.

"ಬೇರೆ ಊರಲ್ಲಿ ಪಂಪ್‌ಸೆಟ್ ಅಂಗಡಿ ಕೆಲಸ," ಎಂದ. "ಮಧ್ಯಾಹ್ನ ಹೊರಡ್ತೀನಿ."

"ನನ್ನನ್ನ ಬಯ್ದುಬಿಡಿ."

"ಬಯ್ಯೋಕೆ ಬರಲ್ಲ. ನಿಮಗೆ ಕೆಡುಕು ಮಾಡೋ ಮನಸ್ಸಿರಲಿಲ್ಲ, ಗೊತ್ತು. ಆದ್ರೆ ನನ್ನ ಮಾತು ನನ್ನ ಥರಾನೇ ಇರಲಿ ಅಂತ ಕೇಳ್ಕೊಂಡಿದ್ದೆ. ನಿಮಗೆ ಅದು ಸಾಲದಾಯ್ತು."

ಒಳಗೆ ಪಾತ್ರೆಯ ಸದ್ದು ನಿಂತಿತ್ತು, ಅಕ್ಕ ಕೇಳಿಸಿಕೊಳ್ಳುತ್ತಿದ್ದರು.

"ಆ ಲಿಫ್ಟ್ ಜಾರಿದ ತಿಂಗಳು ಮುಗಿಯೋದ್ರೊಳಗೆ ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದ್ದೆ," ಎಂದ ಅವನು. "ಇಂಗ್ಲಿಷಲ್ಲೇ ಕೇಳ್ಬೇಕು ಅಂತ ಬರ್ಕೊಂಡು ಅಭ್ಯಾಸಾನೂ ಮಾಡಿದ್ದೆ."

"ಈಗ ಕೇಳಿ," ಎಂದಳು. "ಕನ್ನಡದಲ್ಲೇ ಕೇಳಿ."

ಅವನು ತಲೆ ಅಲ್ಲಾಡಿಸಿದ. "ಈಗ ಕೇಳಿದ್ರೆ ನೀವು ಹೂಂ ಅಂತೀರ. ಅದು ಯಾಕೆ ಅಂತ ನನಗೆ ಯಾವತ್ತೂ ಗೊತ್ತಾಗಲ್ಲ. ಆದ ತಪ್ಪಿಗೋ, ನನಗೋ ಅಂತ. ದಿನಾ ಊಟಕ್ಕೆ ಕೂತಾಗ ಅದೇ ಯೋಚನೆ ಬರುತ್ತೆ. ಅಂಥ ಸಂಸಾರ ನನಗೆ ಬೇಡ."

"ತಪ್ಪಿಗಲ್ಲ," ಎಂದಳು. "ನೀವಂದ್ರೆ ನನಗೆ ಇಷ್ಟ. ಪತ್ರಕ್ಕಿಂತ ಮುಂಚಿಂದಾನೂ ಇಷ್ಟ."

ಅದಕ್ಕಿಂತ ಸರಳವಾದ ಮಾತನ್ನು ಅವಳು ತನ್ನ ಜನ್ಮದಲ್ಲಿ ಆಡಿರಲಿಲ್ಲ. ಅವನು ಅವಳನ್ನು ತುಂಬ ಹೊತ್ತು ನೋಡಿದ. ಬಸ್ ಸ್ಟಾಪಿನಲ್ಲಿ ನೋಡುತ್ತಿದ್ದ ಕಣ್ಣುಗಳೇ, ಆದರೆ ಈಗ ಅವು ಅವಳನ್ನು ನಂಬಲು ಹೆಣಗುತ್ತಿದ್ದವು.

"ಇರಬಹುದು ಟೀಚರ್," ಎಂದ, ಮೆಲ್ಲಗೆ. ಪೆಟ್ಟಿಗೆಯ ಹಗ್ಗ ಬಿಗಿಯಾಗಿದೆಯೇ ಎಂದು ಇನ್ನೊಮ್ಮೆ ಎಳೆದು ನೋಡಿ ಒಳಗೆ ಹೋದ.

ಅವಳು ಮೆಟ್ಟಿಲ ಬಳಿ ನಿಂತೇ ಇದ್ದಳು. ಅಕ್ಕ ಬಂದು, ಕಣ್ಣಲ್ಲಿ ಕಣ್ಣಿಡದೆ, ಬಾಗಿಲು ಮುಂದೆ ಮಾಡಿದರು.