ಒಣ ಕಣಿವೆಯ ತೊರೆ

ಅಂಟಾರ್ಕ್ಟಿಕಾದ ಒಣ ಕಣಿವೆಯಲ್ಲಿ ಮೇಲಿನ ಹಿಮನದಿ ಕರಗಿದರಷ್ಟೇ ತೊರೆ ಹರಿಯುತ್ತದೆ. ಆ ನೀರು ದಾರಿಯಲ್ಲಿ ಎಷ್ಟು ಕಲ್ಲನ್ನು ಕರಗಿಸಿಕೊಂಡಿದೆ ಎಂದು ಅಳೆಯುವುದು ನನ್ನ ಮತ್ತು ನನ್ನ ಸಹೋದ್ಯೋಗಿ ಮೆರೆಯ ಕೆಲಸ. ಆ ಬೇಸಿಗೆಯಲ್ಲಿ ಚಳಿ ಬಿಡಲೇ ಇಲ್ಲ, ತೊರೆ ಹರಿಯಲೇ ಇಲ್ಲ. ಕೊನೆಯ ದಿನವೂ ಬಂತು; ಮರುದಿನ ನಮ್ಮನ್ನು ವಾಪಸ್ ಕರೆದೊಯ್ಯಲು ಹೆಲಿಕಾಪ್ಟರ್ ಬರುವುದಿತ್ತು. ನಮ್ಮ ಬಾಟಲಿಗಳೆಲ್ಲ ಖಾಲಿ, ವರ್ಷದ ಶ್ರಮವೆಲ್ಲ ವ್ಯರ್ಥ.

ಮಧ್ಯಾಹ್ನ ಟೆಂಟಿನೊಳಗೆ ಚಹಾ ಬಗ್ಗಿಸುತ್ತಿದ್ದಾಗ ನೀರಿನ ಸದ್ದು ಕೇಳಿಸಿತು.

“ಕೆಟಲ್ಲಾ ಅದು?” ಎಂದೆ.

“ಕೆಟಲ್ ನಿನ್ನ ಕೈಲೇ ಇದೆಯಲ್ಲೇ, ಮಂಕೇ!” ಎಂದಳು ಮೆರೆ.

ಹೊರಗೆ ಓಡಿದೆವು. ಹಿಮನದಿಯಿಂದ ಒಂದು ಹನಿಯೂ ತೊಟ್ಟಿಕ್ಕುತ್ತಿರಲಿಲ್ಲ. ಆದರೂ ತೊರೆ ತುಂಬಿ ಹರಿಯುತ್ತಿತ್ತು. ನಾವು ದಡ ತಲುಪಿದ ಕೂಡಲೇ ಸದ್ದು ನಿಂತಿತು, ನೀರು ಮಾತ್ರ ನಿಲ್ಲಲಿಲ್ಲ. ಕೈಗವಸು ತೆಗೆದು ಮುಟ್ಟಿದೆ. ಮಲಗಿದ ಪ್ರಾಣಿಯ ಮೈಯಂತೆ ಬೆಚ್ಚಗಿತ್ತು.

ಮೆರೆ ಮಂಡಿಯೂರಿ, ತನ್ನ ಅಜ್ಜಿಯ ಮಾವೊರಿ ಭಾಷೆಯಲ್ಲಿ ತೊರೆಯ ಅನುಮತಿ ಕೇಳಿ, ಒಂದು ಬಾಟಲಿ ತುಂಬಿಕೊಂಡಳು.

ನಾನು ಇನ್ನೊಂದನ್ನು ತೆಗೆದೆ. “ಬೇಡ ಕಣೇ, ಒಂದು ಸಾಕು,” ಎಂದು ಪಿಸುಗುಟ್ಟಿದಳು.

ಇಬ್ಬರೂ ಕೈಮುಗಿದವರಂತೆ ನಿಂತಿದ್ದೆವು. ನೋಡುತ್ತಿದ್ದಂತೆಯೇ ನೀರು ಇಲ್ಲವಾಯಿತು. ಕೆಳಗಿನ ಮರಳು ಒದ್ದೆಯೂ ಆಗಿರಲಿಲ್ಲ.

ಪ್ರಯೋಗಾಲಯದಲ್ಲಿ ಆ ನೀರನ್ನು ಎರಡೆರಡು ಸಲ ಪರೀಕ್ಷಿಸಿದರು. ಅದರಲ್ಲಿ ಕಲ್ಲು ಹೇರಳವಾಗಿ ಕರಗಿತ್ತು. ಅಂಥ ಕಲ್ಲು ಆ ಕಣಿವೆಯಲ್ಲಿ ಎಲ್ಲಿಯೂ ಇಲ್ಲ.