ದುಃಖ ಮುಗಿದ ಮೇಲಿನ ಭೇಟಿಗಳು

ಅವನು ಮನಸಾರೆ ನಕ್ಕ ದಿನವೇ ಅವಳು ‘ಸಾಕು, ಇನ್ನು ನೀವು ಬರಬೇಕಾಗಿಲ್ಲ’ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಅವನನ್ನು ನಗಿಸಿದ್ದು ಅವನ ಅತ್ತೆ, ತೀರಿಹೋದ ಹೆಂಡತಿಯ ತಾಯಿ. ಗುಣವಾಗದ ರೋಗಿಗಳನ್ನು ಕೊನೆಯವರೆಗೂ ನೋಡಿಕೊಳ್ಳುವ ಆ ಹಾಸ್ಪಿಸ್‌ನ ನರ್ಸ್‌ಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಅತ್ತೆಯೇ. ಮಗಳು ಮೂಲೆಯ ಕೋಣೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗಲೂ ಅವರ ಬಾಯಿಗೆ ಬೀಗವಿರಲಿಲ್ಲ. ಈಗ ಅಳಿಯನ ಮನೆಯಲ್ಲೇ ಉಳಿದು, ಅವನನ್ನು ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಅವತ್ತು ಕೌನ್ಸೆಲರ್ ಆದ ಅವಳು ಎಂದಿನಂತೆ ಅವನಿಗೆ ನಿದ್ದೆ ಬರುತ್ತಿದೆಯೇ ಎಂದು ಕೇಳಿದ್ದಳು.

“ನಿದ್ದೆನಾ?” ಎಂದರು ಅತ್ತೆ. “ಅಳಿಯಂದ್ರ ಗೊರಕೆಗೆ ಪಕ್ಕದ ಮನೆ ನಾಯಿ ಊರು ಬಿಟ್ಟಿದೆ ಕಣಮ್ಮ. ರಾತ್ರಿ ಶುರುವಾದ್ರೆ ಬೆಳಗಿನ ತನಕ ನಿಲ್ಲಲ್ಲ.”

ಅವನು ತಡೆಯಲು ನೋಡಿದ, ಆಗಲಿಲ್ಲ. ನಗು ಮೊದಲು ಭುಜಕ್ಕೆ ಬಂತು, ಆಮೇಲೆ ತುಟಿಗೆ, ಕೊನೆಗೆ ಕಣ್ಣಿಗೆ. ನಕ್ಕು ಮುಗಿದ ಮೇಲೆ ತರಗತಿಯಲ್ಲಿ ಸಿಕ್ಕಿಬಿದ್ದ ಹುಡುಗನಂತೆ ಅವಳತ್ತ ನೋಡಿದ. ಅವಳೂ ನೋಡಿದಳು. ಕೌನ್ಸೆಲರ್ ನೋಡಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು.

ಸಾವಾದ ಮನೆಯವರ ಜೊತೆ ಕೂತು ಮಾತಾಡುವುದು ಅವಳ ಕೆಲಸ. ಅವಳ ಕೋಣೆಯಲ್ಲಿ ಕುರ್ಚಿಗಳು ಎದುರುಬದುರಾಗಿರದೆ ಸ್ವಲ್ಪ ಓರೆಯಾಗಿರುತ್ತಿದ್ದವು. ಅಳು ಬಂದವರಿಗೆ ಕಿಟಕಿಯತ್ತ ಮುಖ ತಿರುಗಿಸಲು ಅನುಕೂಲವಾಗಲಿ ಎಂದು. ದುಃಖ ಹೊರುವಷ್ಟು ಹಗುರವಾಗಿದೆ ಎಂದು ತಿಳಿದ ದಿನ ಕೌನ್ಸೆಲರೇ ‘ಸಾಕು’ ಅನ್ನಬೇಕು. ಆಮೇಲೆ ಆ ಮನೆಯವರೊಂದಿಗೆ ಫೋನಿಲ್ಲ, ಕಾಫಿಯಿಲ್ಲ, ದಾರಿಯಲ್ಲಿ ಸಿಕ್ಕರೆ ಒಂದು ಮುಗುಳ್ನಗು, ಅಷ್ಟೇ. ಹೊಸದಾಗಿ ಸೇರಿದವರಿಗೆ ಈ ನಿಯಮವನ್ನು ಕಿವಿ ಹಿಂಡಿ ಕಲಿಸುತ್ತಿದ್ದವಳೂ ಅವಳೇ.

ಅವನದು ಕನ್ನಡಕದ ಅಂಗಡಿ. ಮುಂದಿನ ಭೇಟಿಯಲ್ಲಿ, ಮಾತೆಲ್ಲ ಮುಗಿದು ಏಳುವ ಹೊತ್ತಿಗೆ, ಒಂದು ವಿಷಯ ಹೇಳಲೇ ಎಂದು ಕೇಳಿದ.

“ನಿಮ್ಮ ಕನ್ನಡಕ ಎಡಕ್ಕೆ ವಾಲಿದೆ ಮೇಡಂ. ಮೊದಲನೇ ದಿನದಿಂದ ನೋಡ್ತಾ ಇದೀನಿ.”

“ಮೊದಲನೇ ದಿನ ನೀವು ಅಳ್ತಾ ಇದ್ರಿ.”

“ಅಳ್ತಾನೇ ನೋಡಿದೆ. ಕಸುಬು ನಮ್ಮನ್ನ ಬಿಡ್ಬೇಕಲ್ಲ.”

ಜೇಬಿನಿಂದ ಬೆರಳುದ್ದದ ಸ್ಕ್ರೂಡ್ರೈವರ್ ತೆಗೆದ. ಕನ್ನಡಕ ಬಿಚ್ಚಿಕೊಟ್ಟ ಮೇಲೆ ಅವಳಿಗೆ ಅವನೊಂದು ಮಸುಕು ಆಕಾರ ಮಾತ್ರ. ಆ ಆಕಾರ ಬಾಗಿ, ಉಸಿರು ಬಿಗಿಹಿಡಿದು, ಎಳ್ಳುಕಾಳಿನಷ್ಟು ಸ್ಕ್ರೂ ತಿರುಗಿಸುತ್ತಿತ್ತು. ಆಮೇಲೆ ಅವನೇ ಅವಳ ಮುಖಕ್ಕೆ ಅದನ್ನು ತೊಡಿಸಿದ. ಕಡ್ಡಿ ಕಿವಿಯ ಹಿಂದೆ ಸರಿಯಾಗಿ ಕೂತಿದೆಯೇ ಎಂದು ಬೆರಳಿನಿಂದ ಒಮ್ಮೆ ಸವರಿ ನೋಡಿದ. ಲೋಕ ಸ್ಪಷ್ಟವಾದಾಗ ಎದುರಿಗೆ, ತೀರಾ ಹತ್ತಿರದಲ್ಲಿ, ಅವನ ಕಣ್ಣುಗಳಿದ್ದವು.

“ಸರಿಯಾಗಿ ಕಾಣ್ತಿದೆಯಾ?”

“ಜಾಸ್ತಿನೇ ಕಾಣ್ತಿದೆ” ಎಂದಳು, ಎಂದುಬಿಟ್ಟೆನಲ್ಲ ಎಂದು ನಾಚಿಕೊಂಡಳು.

ಅವನು ಕಾರು ತರಲು ಹೋದಾಗ ಕಾರಿಡಾರಿನಲ್ಲಿ ಅತ್ತೆ ಅವಳನ್ನು ನಿಲ್ಲಿಸಿದರು. ಬೇರೆ ಊರಿನಲ್ಲಿರುವ ಚಿಕ್ಕ ಮಗಳು ಬಸುರಿ, ದಿನ ಹತ್ತಿರ ಬರುತ್ತಿದೆ, ಅಮ್ಮ ಬಾ ಎಂದು ದಿನಾ ಫೋನ್ ಮಾಡುತ್ತಾಳೆ. ಅಳಿಯನನ್ನು ಒಬ್ಬನೇ ಬಿಟ್ಟು ಹೋಗಬಹುದೇ? ಕೌನ್ಸೆಲರಮ್ಮ ಹೂಂ ಅಂದರೆ ಹೊರಡುತ್ತೇನೆ ಎಂದರು. ಹೂಂ ಅಂದರೆ ಅವನು ಗುಣವಾದ ಹಾಗೆ. ಗುಣವಾದರೆ ಭೇಟಿ ಮುಗಿದ ಹಾಗೆ. ಅವಳ ಕಿವಿಯ ಹಿಂದೆ ಇನ್ನೂ ಬಿಸಿಯಿತ್ತು.

“ಇನ್ನೂ ಸ್ವಲ್ಪ ದಿನ ನೋಡೋಣ ಅತ್ತೆ. ಈಗಲೇ ಒಬ್ಬರನ್ನೇ ಬಿಡೋದು ಬೇಡ.”

ಅತ್ತೆ ತಕ್ಷಣ ತಲೆಯಾಡಿಸಿದರು. ಅಷ್ಟು ಬೇಗ ಯಾಕೆ ಒಪ್ಪಿಕೊಂಡರು ಎಂದು ಅವಳು ಯೋಚಿಸಲಿಲ್ಲ. ತನ್ನ ಸುಳ್ಳು ದಕ್ಕಿತಲ್ಲ ಎಂಬ ಸಮಾಧಾನವೇ ಅವಳಿಗೆ ದೊಡ್ಡದಾಗಿತ್ತು.

ಸಮಾಧಾನ ಮನೆ ಸೇರುವ ತನಕವೂ ಉಳಿಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂದು ಕೇಳಿದ್ದಳು. ಆ ಬೇಲಿ ತಾನೇ ಆಗುತ್ತೇನೆಂದು ಎಣಿಸಿರಲಿಲ್ಲ. ಮರುದಿನ ದೊಡ್ಡ ಡಾಕ್ಟರ್ ಮೀಟಿಂಗಿನಲ್ಲಿ ‘ನಿಯಮ’ ಎಂಬ ಪದ ಎತ್ತಿದ್ದೇ ತಡ, ಅವಳು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಂಡಳು. ಡಾಕ್ಟರು ಹೇಳುತ್ತಿದ್ದದ್ದು ಪಾರ್ಕಿಂಗ್ ನಿಯಮದ ಬಗ್ಗೆ.

ಅದಕ್ಕಿಂತ ಕಷ್ಟದ್ದು ಇನ್ನೊಂದಿತ್ತು. ಅವನ ಹೆಂಡತಿಯನ್ನು ಅವಳು ಬಲ್ಲಳು. ಪರದೆ ಸರಿಸಿ ಎಂದು ಗದರುತ್ತಿದ್ದ, ಅಯ್ಯೋ ಪಾಪ ಎಂದವರನ್ನು ಕೋಣೆಯಿಂದ ಆಚೆ ಕಳಿಸುತ್ತಿದ್ದ ಚುರುಕು ಹೆಂಗಸು. ನನ್ನ ಗಂಡ ಊರಿಗೆಲ್ಲ ಕಣ್ಣು ಕೊಡುತ್ತಾನೆ, ತನ್ನ ಬೀಗದ ಕೈ ಮಾತ್ರ ಅವನಿಗೆ ಕಾಣುವುದಿಲ್ಲ ಎಂದು ಅವಳೇ ಹೇಳಿ ನಗಿಸಿದ್ದಳು. ಅವನು ಹಾಡು ಗುನುಗುವುದು ಸ್ನಾನದಲ್ಲಿ ಮಾತ್ರ, ಕೋಪ ಬಂದರೆ ಪಾತ್ರೆ ತೊಳೆಯಲು ನಿಲ್ಲುತ್ತಾನೆ, ಇಂಥವೂ ಗೊತ್ತಿದ್ದವು. ಅವನ ಬಗ್ಗೆ ತನಗೆ ತಿಳಿದಿರುವುದರಲ್ಲಿ ಅರ್ಧವನ್ನು ಕೊಟ್ಟವಳು ಆ ಸತ್ತವಳು. ಅದನ್ನು ನೆನೆದರೆ ಅವಳಿಗೆ ಕದ್ದ ಬಟ್ಟೆ ತೊಟ್ಟ ಹಾಗಾಗುತ್ತಿತ್ತು.

ಆದರೂ ಭೇಟಿಗಳು ನಡೆದವು. ಅವನು ಮುಖ ಇಳಿಬಿಟ್ಟುಕೊಂಡೇ ಒಳಗೆ ಬರುತ್ತಿದ್ದ, ಕಣ್ಣು ಮಾತ್ರ ಆ ನಾಟಕಕ್ಕೆ ಒಪ್ಪುತ್ತಿರಲಿಲ್ಲ. ಈ ವಾರ ಕನಸಿನಲ್ಲಿ ಹೆಂಡತಿ ಬಂದಳೇ ಎಂದು ಇವಳು ಕೇಳಬೇಕು, ಬಂದಳು ಎಂದು ಅವನು ಹೇಳಬೇಕು. ಎಂಥ ಬಟ್ಟೆ ಎಂದರೆ ನೀಲಿ ಅನ್ನುವನು, ಸ್ವಲ್ಪ ಹೊತ್ತಿಗೆ ಹಸಿರು ಅನ್ನುವನು. ಸುಳ್ಳೆಂದು ಇವಳಿಗೆ ಗೊತ್ತು, ಇವಳಿಗೆ ಗೊತ್ತೆಂದು ಅವನಿಗೆ ಗೊತ್ತು. ಸತ್ತವಳನ್ನು ಟಿಕೆಟ್ ಮಾಡಿಕೊಂಡು ಇಬ್ಬರೂ ಪ್ರಯಾಣ ಮಾಡುತ್ತಿದ್ದರು. ಒಮ್ಮೆ ಕನಸು ಹೇಳುವ ಮಧ್ಯೆ ಇಬ್ಬರಿಗೂ ಅದು ಒಟ್ಟಿಗೇ ಹೊಳೆದು, ಕನಸು ಅರ್ಧಕ್ಕೇ ನಿಂತಿತು.

“ಹೀಗೇ ಎಷ್ಟು ದಿನ ಮೇಡಂ?” ಎಂದು ಮೆಲ್ಲಗೆ ಕೇಳಿದ.

“ಏನು ಎಷ್ಟು ದಿನ?”

“ಏನಿಲ್ಲ” ಎಂದು ಅವನು ಕಿಟಕಿಯತ್ತ ತಿರುಗಿದ. ಅಳುವವರಿಗೆಂದು ಬಿಟ್ಟ ಜಾಗದಲ್ಲಿ ಅವನು ನಗು ಮುಚ್ಚಿಕೊಳ್ಳುತ್ತಿದ್ದ ದಿನಗಳಿದ್ದವು. ಅವತ್ತು ಮಾತ್ರ ಅವನ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ಹಾಗೇ ಒಂದು ಮಧ್ಯಾಹ್ನ, ಮೂವರೂ ಕೂತಿರುವಾಗ, ಅತ್ತೆಯ ಫೋನಿಗೆ ಕರೆ ಬಂತು. ಚಿಕ್ಕ ಮಗಳ ಗಂಡ. ದಿನಕ್ಕೆ ಮುಂಚೆಯೇ ನೋವು ಶುರುವಾಗಿದೆ, ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ, ಅಮ್ಮನನ್ನೇ ಕೇಳುತ್ತಿದ್ದಾಳೆ. ಇವನು ಕೂಡಲೇ ಕಾರಿನ ಕೀಗಾಗಿ ಜೇಬೆಲ್ಲ ತಡಕಾಡಿದ. ಅತ್ತೆ ಕೂತಲ್ಲಿಂದ ಏಳಲಿಲ್ಲ. ಬರಲಾಗುವುದಿಲ್ಲ ಎಂದು ಫೋನಿಗೆ ಹೇಳಿದರು. ದೊಡ್ಡ ಅಳಿಯಂದಿರನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ, ಅವರು ಇನ್ನೂ ಸರಿಹೋಗಿಲ್ಲ, ಕೌನ್ಸೆಲರಮ್ಮನೇ ಹೇಳಿದ್ದಾರೆ, ಬೇಕಿದ್ದರೆ ಕೇಳಿ.

ಫೋನ್ ಇಟ್ಟು ಅವಳ ಮುಖ ನೋಡಿದರು. ಈಗ ಬಾಯಿ ಬಿಟ್ಟರೆ ಅವನು ಹೋದ, ಕೆಲಸ ಹೋದರೂ ಹೋಯಿತು. ಬಿಡದಿದ್ದರೆ ಹೆರಿಗೆಯ ಮಂಚದ ಮೇಲೆ ಒಬ್ಬಳು ಅಮ್ಮ ಎಂದು ಕೂಗುತ್ತಿದ್ದಾಳೆ.

“ಅವರು ಸರಿಹೋಗಿದಾರೆ ಅತ್ತೆ” ಎಂದಳು. “ಯಾವತ್ತೋ ಸರಿಹೋಗಿದಾರೆ. ನಂಗೆ ಗೊತ್ತಿತ್ತು. ನಾನು ನಿಮಗೆ ಸುಳ್ಳು ಹೇಳಿದೆ.”

“ಯಾಕೆ?”

“ಸರಿಹೋದರು ಅಂದ್ರೆ ಅವರು ಇಲ್ಲಿಗೆ ಬರೋದು ನಿಂತುಹೋಗುತ್ತೆ. ನಂಗೆ ಅವರನ್ನ ನೋಡ್ಬೇಕಿತ್ತು. ಪ್ರೀತಿ ಅತ್ತೆ. ಅದಕ್ಕೆ ಬೇರೆ ಹೆಸರು ನಂಗೆ ಗೊತ್ತಿಲ್ಲ.”

ಅವನೊಬ್ಬನೇ ಎದುರಿಗಿರುವಾಗ ಅವನಿಗೆ ಹೇಳಬೇಕಾದ ಮಾತನ್ನು ಅವಳು ಸತ್ತವಳ ತಾಯಿಗೆ ಹೇಳಿದ್ದಳು. ಅವನು ಅವಳ ಕುರ್ಚಿಯ ಪಕ್ಕ ಬಂದು ನಿಂತ.

“ನಂದೂ ತಪ್ಪಿದೆ ಅತ್ತೆ. ಕನಸೂ ಇಲ್ಲ, ಏನೂ ಇಲ್ಲ. ಇವರನ್ನ ನೋಡೋಕೇ ಬರ್ತಿದ್ದೆ. ನಾನು ಚೆನ್ನಾಗೇ ಇದ್ದೆ.”

“ಚೆನ್ನಾಗಿದ್ರಿ” ಎಂದರು ಅತ್ತೆ. ಆ ಪದವನ್ನೇ ತಿರುವಿ ಹಾಕುವಂತೆ ಮತ್ತೊಮ್ಮೆ ಹೇಳಿದರು. “ನನ್ನ ಮಗಳು ಹೋಗಿ ಇನ್ನೂ ವರ್ಷ ತುಂಬಿಲ್ಲ. ನೀವು ಚೆನ್ನಾಗಿದ್ರಿ.”

ಅವನ ತಲೆ ತಗ್ಗಿತು. ಅವಳು, ಬೈಯುವುದಿದ್ದರೆ ಆಮೇಲೆ ಬೈಯಿರಿ, ದೊಡ್ಡ ಡಾಕ್ಟರಿಗೂ ಹೇಳಿ, ಈಗ ಮಾತ್ರ ಹೊರಡಿ ಎಂದು ಬೇಡಿಕೊಂಡಳು. ಅತ್ತೆ ಬ್ಯಾಗಿನ ಪಟ್ಟಿ ಹಿಡಿದುಕೊಂಡು ಹಾಗೇ ಕೂತಿದ್ದರು.

“ನಾನು ಹೋಗಲ್ಲ.”

“ಅತ್ತೆ, ಅವಳು ಕಾಯ್ತಿದಾಳೆ.”

“ಆಸ್ಪತ್ರೆ ಬಾಗಿಲ ಹೊರಗೆ ಇನ್ನೊಂದು ಸಲ ಕೂರೋಕೆ ನನ್ನ ಕೈಲಾಗಲ್ಲ” ಎಂದರು ಅತ್ತೆ. “ಒಬ್ಬಳನ್ನ ಒಳಗೆ ಕಳಿಸಿ ಕಾದಿದ್ದೆ. ವಾಪಸ್ ಏನು ಸಿಕ್ತು? ಹೋಗೋದು ಬೇಡ ಅಂತ ನೀನು ಅವತ್ತು ಅಂದಾಗ ಎಷ್ಟು ಹಾಯಾಯ್ತು ಗೊತ್ತಾ ನಂಗೆ? ನಾನು ಈ ಕುರ್ಚೀಲಿ ಕೂತು ಎಷ್ಟು ತಿಂಗಳಾಯ್ತು. ಪ್ರತಿ ಸಲ ಅವರಿಗೆ ನಿದ್ದೆ ಬಂತಾ ಅಂತ ಕೇಳ್ತೀಯ. ನಂಗೆ ಬಂತಾ ಅಂತ ಒಂದು ದಿನ ಕೇಳಿದ್ಯಾ?”

ಕೇಳಿರಲಿಲ್ಲ. ಬೆಳಗಿನ ತನಕ ಗೊರಕೆ ನಿಲ್ಲುವುದಿಲ್ಲ ಎಂದು ಹೇಳಬೇಕಾದರೆ ಬೆಳಗಿನ ತನಕ ಎಚ್ಚರವಾಗಿರಬೇಕು. ಅಷ್ಟು ಸಣ್ಣ ಮಾತು ಅವಳಿಗೆ ಹೊಳೆದಿರಲಿಲ್ಲ. ಜೋಕು ಹೇಳುವವರಿಗೆ ನೋವಿಲ್ಲ ಎಂದುಕೊಂಡು, ತನಗೆ ಬೇಕಾದ ಮುಖವನ್ನಷ್ಟೇ ನೋಡುತ್ತ ಕೂತಿದ್ದಳು. ಕೋಣೆಯಲ್ಲಿ ದುಃಖ ಇದ್ದದ್ದು ಬಾಗಿಲ ಪಕ್ಕದ ಕುರ್ಚಿಯಲ್ಲಿ. ಸುಳ್ಳು ಹೇಳಿದ್ದಕ್ಕಿಂತ ಇದು ಅವಳನ್ನು ಹೆಚ್ಚು ಸುಟ್ಟಿತು.

ಅವಳು ಎದ್ದು ತನ್ನ ಕುರ್ಚಿಯನ್ನು ಬಾಗಿಲ ಕಡೆಗೆ ಎಳೆದು, ಅವನಿಗೆ ಬೆನ್ನು ಹಾಕಿ ಕೂತಳು.

“ನಿದ್ದೆ ಬರ್ತಿದೆಯಾ ಅತ್ತೆ?”

ಅತ್ತೆಯ ತುಟಿ ಏನೋ ತಮಾಷೆ ಹುಡುಕಿತು. ಸಿಗಲಿಲ್ಲ. ಬ್ಯಾಗನ್ನು ಎದೆಗೆ ಒತ್ತಿಕೊಂಡು ಅವರು ಗಟ್ಟಿಯಾಗಿ, ಗೇಟಿನವರೆಗೂ ಕೇಳುವಂತೆ ಅತ್ತರು. ಅವನು ಟಿಶ್ಯೂ ಡಬ್ಬಕ್ಕೆ ಕೈ ಚಾಚಿದ. ಅಳುವವರ ಕೈಗೆ ನಾವಾಗಿ ಟಿಶ್ಯೂ ಕೊಟ್ಟರೆ ಅಳು ನಿಲ್ಲಿಸಿ ಎಂದ ಹಾಗೆ. ಇದು ಈ ಕೆಲಸದ ಮೊದಲ ಪಾಠ. ಅವಳು ತಿರುಗಿ ಅವನ ಮಣಿಕಟ್ಟು ಹಿಡಿದು ತಡೆದಳು. ಆ ಹೊತ್ತಿನಲ್ಲೂ ಅವನ ನಾಡಿ ಬೆರಳಿಗೆ ತಾಗಿದ್ದು ಅವಳಿಗೆ ಗೊತ್ತಾಯಿತು, ಗೊತ್ತಾಯಿತಲ್ಲ ಎಂದು ನಾಚಿಕೆಯಾಯಿತು.

ಅತ್ತು ಹಗುರಾದ ಮೇಲೆ ಅತ್ತೆ ತಾವಾಗಿಯೇ ಎದ್ದರು. ಯಾರ ಮುಖವನ್ನೂ ನೋಡದೆ, ನಡೀರಿ, ನಿಧಾನ ಮಾಡಿದರೆ ಮಗು ಶಾಲೆಗೆ ಸೇರುತ್ತದೆ ಎಂದರು.

ಅವನು ಬಾಗಿಲಲ್ಲಿ ಒಂದು ಕ್ಷಣ ನಿಂತ. ಅವಳು ಹೇಳಬೇಕಾದ್ದನ್ನು ಹೇಳಿದಳು.

“ಸಾಕು. ಇನ್ನು ನೀವು ಬರಬೇಕಾಗಿಲ್ಲ.”

“ಕೌನ್ಸೆಲಿಂಗ್‌ಗೆ ತಾನೆ?”

“ಯಾವುದಕ್ಕೂ ಬೇಡ. ನಿಮ್ಮ ಮಾತು ಕೇಳೋಕೆ ಇಲ್ಲಿ ನಾನೊಬ್ಬಳೇ ಇದ್ದೆ. ಅದಕ್ಕೇ ನಿಮಗೆ ಪ್ರೀತಿ ಅನಿಸ್ತೋ ಏನೋ. ಒಳಗೆ ಕಾಲಿಡಬೇಡಿ.”

ಅವನು ಅವಳ ಮುಖವನ್ನು ನಿಧಾನವಾಗಿ ನೋಡಿ, ಹೋದ.

ಅವತ್ತೇ ಸಂಜೆ ಅವಳು ದೊಡ್ಡ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ಕೆಲಸ ಉಳಿಯಿತು, ಆದರೆ ಮನೆಯವರನ್ನು ನೋಡುವ ಕೋಣೆ ಕೈತಪ್ಪಿತು. ಈಗ ಅವಳದು ಸ್ವಯಂಸೇವಕರಿಗೆ ಪಾಠ ಹೇಳುವ ಕೆಲಸ. ಚಿಕ್ಕವಳಿಗೆ ಹೆಣ್ಣುಮಗು, ಹುಟ್ಟುವಾಗ ಅತ್ತೆ ಬಾಗಿಲಲ್ಲೇ ಇದ್ದರು ಎಂಬ ಸುದ್ದಿಯನ್ನು ಒಬ್ಬ ನರ್ಸ್ ತಂದಳು. ಅವಳು ಸ್ಟೋರ್‌ರೂಮಿಗೆ ಹೋಗಿ ಒಬ್ಬಳೇ ನಿಂತು ಅತ್ತು ಬಂದಳು.

ಅವನಿಂದ ಸುದ್ದಿಯಿರಲಿಲ್ಲ. ತಾನೇ ಬೇಡ ಎಂದದ್ದನ್ನು ಅವನು ಹಾಗೇ ಪಾಲಿಸಿದನಲ್ಲ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು.

ಬಾಣಂತನ ಮುಗಿಸಿ ತಮ್ಮದೇ ಮನೆಗೆ ಮರಳಿದ ಅತ್ತೆ, ವಾರಕ್ಕೊಮ್ಮೆ ಹಾಸ್ಪಿಸ್‌ಗೆ ಬರತೊಡಗಿದರು, ತಮಗಾಗಿಯೇ. ದೊಡ್ಡ ಡಾಕ್ಟರೇ ಅವರ ಜೊತೆ ಕೂರುತ್ತಿದ್ದರು. ಅತ್ತೆ ಕಾರಿಡಾರಿನಲ್ಲಿ ಅವಳನ್ನು ಗೋಡೆಯೆಂಬಂತೆ ದಾಟಿಹೋಗುತ್ತಿದ್ದರು. ಅವಳು ಎದ್ದು ನಿಂತು ನಮಸ್ಕಾರ ಹೇಳುವುದನ್ನು ಬಿಡಲಿಲ್ಲ. ಹೇಳುವುದು ತನ್ನ ಪಾಲಿನದು, ಕೇಳಿಸಿಕೊಳ್ಳದಿರುವುದು ಅವರ ಪಾಲಿನದು ಎಂದುಕೊಂಡಳು. ಸತ್ತವಳಿಗೆ ವರ್ಷ ತುಂಬಿ, ಅದೂ ಹಳತಾಗುತ್ತ ಬಂದಿತ್ತು.

ಒಂದು ದಿನ ಅತ್ತೆ ದಾಟಿಹೋದವರು ತಿರುಗಿ ಬಂದರು.

“ಅಳಿಯಂದ್ರು ಹೊರಗೆ ಕಾರಲ್ಲಿ ಕೂತಿದಾರೆ. ಪ್ರತಿ ವಾರ ನನ್ನ ಕರ್ಕೊಂಡು ಬಂದು ಅಲ್ಲೇ ಕೂರ್ತಾರೆ. ಒಳಗೆ ಬನ್ನಿ ಅಂದ್ರೆ ಬರಲ್ಲ. ನೀನು ಕಾಲಿಡಬೇಡಿ ಅಂದಿದ್ಯಂತೆ.”

ಅವಳ ಕಣ್ಣು ಗೇಟಿನತ್ತ ಹೋಯಿತು.

“ನಿನ್ನ ಮೇಲಿನ ಕೋಪ ನಂಗೆ ಇನ್ನೂ ಹೋಗಿಲ್ಲ” ಎಂದರು ಅತ್ತೆ. “ಹೋಗುತ್ತೆ ಅಂತಾನೂ ಹೇಳಲ್ಲ. ಈಗ ಒಳಗೆ ಹೋದ್ರೆ ಒಂದು ಗಂಟೆ ನಾನು ಹೊರಗೆ ಬರಲ್ಲ. ಆ ಒಂದು ಗಂಟೇಲಿ ನೀವಿಬ್ಬರು ಏನು ಮಾತಾಡಿಕೊಂಡ್ರಿ ಅಂತ ನಂಗೆ ಹೇಳಬೇಡಿ. ನನ್ನ ಕಿವಿ ಇನ್ನೂ ಅದನ್ನ ಕೇಳೋಷ್ಟು ಗಟ್ಟಿಯಾಗಿಲ್ಲ.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವಳು ಮೆಟ್ಟಿಲಿಳಿದು ಗೇಟು ದಾಟಿದಳು. ಕಾರು ಮರದ ನೆರಳಿನಲ್ಲಿತ್ತು. ಅವಳು ಬರುವುದನ್ನು ಕಂಡು ಅವನು ಪಕ್ಕದ ಸೀಟಿನ ಮೇಲಿದ್ದ ಪೇಪರು, ನೀರಿನ ಬಾಟಲಿ, ಒಂದು ಒಂಟಿ ಚಪ್ಪಲಿಯನ್ನೆಲ್ಲ ಗಡಿಬಿಡಿಯಲ್ಲಿ ಹಿಂದಕ್ಕೆ ಎಸೆದ. ಅವಳು ಕೂತಳು. ಇಬ್ಬರೂ ಮುಂದಿನ ಗಾಜನ್ನೇ ನೋಡಿದರು.

“ಇಷ್ಟು ದಿನ ಯಾರ ಹತ್ರ ಮಾತಾಡಿದ್ರಿ?” ಎಂದು ಕೇಳಿದಳು.

“ಎಲ್ಲರ ಹತ್ರಾನೂ. ಅಂಗಡಿಗೆ ಬಂದವರಿಗೆಲ್ಲ ತಲೆ ತಿಂದೆ. ಪ್ರೀತಿ ಯಾರ ಮೇಲೂ ಬರಲಿಲ್ಲ” ಎಂದ. ಆಮೇಲೆ, “ನೀವು ಹೇಗಿದೀರಿ?”

“ಈಗ ಖುಷಿಯಾಗ್ತಿದೆ. ಅದಕ್ಕೇ ಭಯ.”

“ನಂಗೂ.”

ಅವನು ಅಂಗೈಯನ್ನು ಮೇಲ್ಮುಖವಾಗಿ ಇಬ್ಬರ ನಡುವೆ ಇಟ್ಟ, ಕೇಳದೆ ಕೇಳುವವನಂತೆ. ಅವಳು ಅದನ್ನು ನೋಡಿದಳು, ಹಾಸ್ಪಿಸ್‌ನ ಮುಚ್ಚಿದ ಕಿಟಕಿಯನ್ನು ನೋಡಿದಳು. ಅದರ ಆಚೆ ಒಬ್ಬ ತಾಯಿ ತನ್ನ ಮಗಳಿಗಾಗಿ ಅಳುತ್ತಿದ್ದರು. ಅದು ಇಬ್ಬರಿಗೂ ಗೊತ್ತಿತ್ತು. ಅವಳು ಅವನ ಕೈಯೊಳಗೆ ತನ್ನ ಕೈ ಇಟ್ಟಳು, ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.