ಹನ್ನೆರಡು ದಿನದ ಕಾಲು

ಬಾಗಿಲಲ್ಲಿ ನಿಂತವನನ್ನು ನೋಡಿದ್ದೇ ತಡ, ಅವಳ ಕೈಯಲ್ಲಿದ್ದ ಉಳಿ ಠಣ್ಣನೆ ಕೆಳಗೆ ಬಿತ್ತು.

ಆಮೆ!

ಕೃತಕ ಕಾಲು ತಯಾರಿಸುವ ಆ ಪುಟ್ಟ ಕಾರ್ಖಾನೆಯ ಯಜಮಾನಿ ಅವಳು. ಆ ಅಡ್ಡಹೆಸರು ಅವಳೇ ಇಟ್ಟಿದ್ದು. ವರ್ಷದ ಹಿಂದೆ, ಅವನಿನ್ನೂ ಇಲ್ಲಿ ಕೆಲಸಕ್ಕಿದ್ದಾಗ, ಎಲ್ಲರೆದುರು ಅವನ ಮೇಲೆ ಕೂಗಾಡಿದ್ದಳು. "ಒಂದು ಕಾಲಿಗೆ ಹನ್ನೆರಡು ದಿನಾನಾ? ನೀವು ಮುಗಿಸೋಷ್ಟರಲ್ಲಿ ಅವರಿಗೆ ಹೊಸ ಕಾಲೇ ಚಿಗುರುತ್ತೆ!"

ಎಲ್ಲರೂ ನಕ್ಕಿದ್ದರು. ಮರುದಿನವೇ ಅವನು ಕಾಲಿಗೆ ಬುದ್ಧಿ ಹೇಳಿದ್ದ. ಆಮೆ ಜನ್ಮದಲ್ಲಿ ಅವಸರ ಮಾಡಿದ್ದು ಅದೊಂದೇ ಸಲ!

"ಚೆನ್ನಾಗಿದೀರಾ ಮೇಡಂ?"

"ಏನು... ಇದ್ದಕ್ಕಿದ್ದ ಹಾಗೆ?"

"ಒಂದು ಶಿಫಾರಸು ಪತ್ರ ಬೇಕಿತ್ತು. ದೊಡ್ಡ ಆಸ್ಪತ್ರೇಲಿ ಕೆಲಸ, ಎರಡು ದಿನದ ರೈಲು ದಾರಿ. ಅರ್ಜಿ ಕಳಿಸೋಕೆ ಇವತ್ತೇ ಕೊನೇ ದಿನ. ಐದು ಗಂಟೆಗೆ ಕೊರಿಯರ್‌ನವರು ಬಾಗಿಲು ಹಾಕ್ತಾರೆ."

ಫಾರಂ ಮೇಜಿನ ಮೇಲಿಟ್ಟು, ನಾಲ್ಕೂವರೆಗೆ ಬರುತ್ತೇನೆಂದು ಹೊರಟುಹೋದ.

'ಒಳ್ಳೇದು ಬರೆದ್ರೆ ಹೋಗ್ಬಿಡ್ತಾನೆ. ಕೆಟ್ಟದು ಬರೆದ್ರೆ... ಇಲ್ಲೇ ಇರ್ತಾನಾ? ಛೀ, ನಾಚಿಕೆ ಆಗ್ಬೇಕು ನಂಗೆ!'

ವರ್ಷದಿಂದ ಅವನ ಸ್ಟೂಲನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಕೇಳಿದವರಿಗೆ "ಅದರ ಕಾಲು ಸರಿ ಇಲ್ಲ" ಎನ್ನುತ್ತಿದ್ದಳು. ಅದೂ ಕಾಲು ಮಾಡುವ ಕಾರ್ಖಾನೆಯಲ್ಲಿ!

'ನ್ಯೂನತೆಗಳು' ಎಂಬಲ್ಲಿ "ನಿಧಾನ" ಎಂದು ಬರೆದಳು. ಪುರಾವೆ ಬೇಕಲ್ಲ? ಅವನ ಹಳೆಯ ಕೆಲಸದ ಪುಸ್ತಕ ತೆಗೆದಳು. ಪ್ರತಿ ಕಾಲಿಗೂ ಒಂದು ಹಾಳೆ. ಅಳತೆ, ಶುರುವಾದ ದಿನ, ಮುಗಿದ ದಿನ. ಇಷ್ಟು ವರ್ಷ ಅವಳು ನೋಡಿದ್ದು ತಾರೀಕು ಮಾತ್ರ. ಫ್ಯಾನಿನ ಗಾಳಿಗೆ ಹಾಳೆ ಮಗುಚಿತು.

ಹಿಂಬದಿಯ ತುಂಬ, ದಿನದಿನದ ತಾರೀಕು ಹಾಕಿ ಬರೆದ ಅವನ ಸಣ್ಣ ಅಕ್ಷರ!

"ಮೇಷ್ಟ್ರು. ಶಾಲೆಗೆ ಮೂವತ್ತೊಂದು ಮೆಟ್ಟಿಲು. ಹನ್ನೊಂದನೆಯದು ಮುರಿದಿದೆ."

"ಮೆಕ್ಯಾನಿಕ್. ಹೆಂಡತಿ ಯಾವಾಗಲೂ ಅವನ ಎಡಕ್ಕೆ ನಡೆಯುತ್ತಾಳೆ. ಎಡಕ್ಕೆ ತಿರುಗುವುದು ಸಲೀಸಾಗಬೇಕು."

ಅವಳು ಒಂದೊಂದೇ ಹಾಳೆ ಮಗುಚುತ್ತ ಹೋದಳು. ಹನ್ನೆರಡರಲ್ಲಿ ಏಳು ದಿನ ಅವನು ಆ ಜನರ ಹಿಂದೆ ಬೀದಿ ಬೀದಿ ನಡೆದಿದ್ದ!

ಅಷ್ಟರಲ್ಲಿ ಪೋಸ್ಟ್‌ಮನ್ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದ. ಅವನ ಬಲಗಾಲು ಆಮೆಯದೇ ಕೈಕೆಲಸ.

"ನಿಮ್ಮ ಹಿಂದೇನೂ ಅಲೆದಿದ್ರಾ ಅವ್ರು?"

"ಏಳು ದಿನ ಅಕ್ಕಾ! ನಾಯಿ ಅಟ್ಟಿಸ್ಕೊಂಡು ಬಂದ್ರೆ ಹಳೇ ಕಾಲಲ್ಲಿ ಹೇಗೆ ಓಡ್ತೀನಿ ಅಂತ ನೋಡ್ಬೇಕಂತೆ. ಕೊನೆಗೆ ನಾಯಿ ಕಚ್ಚಿದ್ದು ಅವ್ರನ್ನೇ!"

ಅವಳು ನಕ್ಕಳು. ಕಣ್ಣು ಮಾತ್ರ ಮಾತು ಕೇಳಲಿಲ್ಲ.

ಪುಸ್ತಕದ ಕೊನೆಯ ಹಾಳೆಯಲ್ಲಿ ಅಳತೆಯೇ ಇರಲಿಲ್ಲ. ಹಿಂಬದಿಯಲ್ಲಿ ಮಾತ್ರ ಹೀಗಿತ್ತು: "ಮೇಡಂ. ಎಡ ಚಪ್ಪಲಿಯ ಹಿಮ್ಮಡಿ ಸವೆದಿದೆ. ಸೊಂಟನೋವು ಬಚ್ಚಿಡುತ್ತಿದ್ದಾರೆ. ಭಾನುವಾರ ಅವರ ಮೇಜು ಎರಡಿಂಚು ಎತ್ತರಿಸಿದೆ. ಹೇಳಬಾರದು."

ಬಗ್ಗಿ ಮೇಜಿನ ಕಾಲು ಸವರಿದಳು. ಮರಕ್ಕೆ ಮರ ಜೋಡಿಸಿದ ಗೆರೆ ಬೆರಳಿಗೂ ಸಿಗದಷ್ಟು ನಯ! ಸೊಂಟನೋವು ಹೋಗಿದ್ದಕ್ಕೆ ಅವಳು ಇಷ್ಟು ದಿನ ಒಂದು ಮುಲಾಮಿನ ಡಬ್ಬಿಯನ್ನು ಹೊಗಳುತ್ತಿದ್ದಳು...

ನಾಲ್ಕೂಮುಕ್ಕಾಲು ದಾಟಿದ ಮೇಲೆ ಅವನು ಬಂದಾಗ ಪತ್ರ ಸಿದ್ಧವಾಗಿತ್ತು. ಎರಡು ಪುಟ. ಅವನು ಓದಿದ, ಅದನ್ನೂ ನಿಧಾನವಾಗಿಯೇ. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದ.

"ನ್ಯೂನತೆ: ನಿಧಾನ. ದಯವಿಟ್ಟು ಅವಸರಪಡಿಸಬೇಡಿ. ನಾನು ಅವಸರಪಡಿಸಿ ಕಳೆದುಕೊಂಡೆ."

ಅವನು ತಲೆಯೆತ್ತಿದ. "ಕಳ್ಕೊಂಡಿದ್ದು... ಕೆಲಸಗಾರನನ್ನಾ ಮೇಡಂ?"

"ಅವನನ್ನೂ."

ಅವನು ಪತ್ರವನ್ನು ಮಡಿಸಿ ಎದೆಯ ಜೇಬಿಗಿಟ್ಟುಕೊಂಡ. ತನ್ನ ಹಳೆಯ ಸ್ಟೂಲ್ ಎಳೆದು ಕುಳಿತ.

"ಏನ್ರೀ, ಕೂತೇಬಿಟ್ರಿ? ಐದಕ್ಕೆ ಇನ್ನು ಎರಡೇ ನಿಮಿಷ!"

"ನಾನು ನಿಧಾನ ಅಂತ ನೀವೇ ಬರ್ದಿದೀರಲ್ಲ. ಅವಸರಪಡಿಸ್ಬೇಡಿ."

ಗೋಡೆಯ ಗಡಿಯಾರ ಐದು ಹೊಡೆಯಿತು. ಇಬ್ಬರೂ ಕದಲಲಿಲ್ಲ.

"ನಾಲ್ಕು ವರ್ಷದಿಂದ ನಿಮಗೊಂದು ಮಾತು ಹೇಳ್ಬೇಕು ಅಂತಿದೀನಿ..."

"ಹೇಳಿ," ಅವಳು ಎದುರಿಗೆ ಕುಳಿತಳು. "ಹನ್ನೆರಡು ದಿನ ತಗೊಂಡ್ರೂ ಸರಿ... ಕಾಯ್ತೀನಿ."